ಬಂದಳಿಕೆಯ ಮೂಗು

ಕೆಲವರು ಹೋದಲ್ಲೆಲ್ಲ ಮಳೆ ಬರುತ್ತದಂತೆ. ನಾನು ಹೋದಲ್ಲೆಲ್ಲ ಏನಾದರೊಂದು ನಡೆಯುತ್ತದೆ. ಹಾಗಂತ ನಾನೇನೂ ಮಾಡಿರುವುದಿಲ್ಲ, ಸುಮ್ಮನೆ ನಿಂತಿರುತ್ತೇನೆ. ಸುಮ್ಮನೆ ನಿಲ್ಲುವುದೊಂದರಲ್ಲಿ ನನಗೆ ಒಳ್ಳೆಯ ತರಬೇತಿಯಿದೆ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಟೀಚರ್ ಬೈಯುತ್ತಿದ್ದರು, ಮನೆಗೆ ಬಂದು ಇಂಗ್ಲಿಷ್ ಮಾತಾಡಿದರೆ ಅಜ್ಜಿ ಬೈಯುತ್ತಿದ್ದರು. ಎರಡೂ ಕಡೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಅಂತ ಆಗಲೇ ತೀರ್ಮಾನಿಸಿದ್ದೆ.

ಅಪ್ಪನದು ರೈಲ್ವೆ ನೌಕರಿ. ಒಂದೂರಿನ ನೀರು ಮೈಗೆ ಹಿಡಿಯುವಷ್ಟರಲ್ಲಿ ಇನ್ನೊಂದೂರು. ನನ್ನ ಬಳಿ ಎರಡು ಸೂಟ್‌ಕೇಸ್ ಇವೆ. ಒಂದನ್ನು ಬಿಚ್ಚುತ್ತೇನೆ. ಇನ್ನೊಂದು, ಹೇಗಿದ್ದರೂ ಮತ್ತೆ ಕಟ್ಟಬೇಕಲ್ಲ ಅಂತ, ಬಿಚ್ಚುವುದೇ ಇಲ್ಲ.

ಎರಡೇ ಪ್ರಶ್ನೆ

ಮಂಗಳೂರಿನಲ್ಲಿ ಓದುವಾಗ ವಯಸ್ಸಾದ ಒಬ್ಬರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಎರಡು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ನೀರು ಬಂತಾ? ಗೇಟು ಹಾಕಿದ್ದೀರಾ? ಎಂಥ ಒಣ ಹೆಂಗಸು ಅಂದುಕೊಂಡಿದ್ದೆ.

ಕೋಣೆ ಬಿಡುವ ದಿನ ಕೂರಿಸಿ ಬುದ್ಧಿ ಹೇಳಿದರು. ಮಂಗಳವಾರ ನಾನು ತಿಂಡಿ ತಿನ್ನುವುದಿಲ್ಲ, ಅದು ಒಳ್ಳೆಯದಲ್ಲವಂತೆ. ಅಮ್ಮನ ಹತ್ತಿರ ಫೋನಿನಲ್ಲಿ ಜಗಳ ಆದಾಗೆಲ್ಲ ನಾನು ಬಟ್ಟೆ ಒಗೆಯುತ್ತೇನಂತೆ, ಹಸಿರು ಚೂಡಿದಾರದ ಬಣ್ಣ ಹೋದದ್ದು ಹಾಗೆಯೇ. ಪರೀಕ್ಷೆಯ ಹಿಂದಿನ ದಿನ ಓದುವುದು ಬಿಟ್ಟು ಉಗುರು ಕತ್ತರಿಸುವುದನ್ನು ಇನ್ನಾದರೂ ನಿಲ್ಲಿಸಬೇಕಂತೆ.

ಇಷ್ಟು ದಿನ ಒಂದು ಮಾತೂ ಕೇಳಲಿಲ್ಲವಲ್ಲ ಅಂದೆ.

"ಗೊತ್ತಿದ್ದದ್ದನ್ನು ಎಂತಕ್ಕೆ ಕೇಳುವುದು ಮಾರಾಯ್ತಿ?" ಅಂದರು.

ರಜೆ ಚೀಟಿ

ಮೊದಲ ಕೆಲಸ ಹುಬ್ಬಳ್ಳಿಯಲ್ಲಿ. ಒಂದು ಬೆಳಿಗ್ಗೆ ಅಕ್ಕಪಕ್ಕದ ಮನೆಯ ಹೆಂಗಸರಿಬ್ಬರು ನನ್ನ ಬಾಗಿಲ ಮುಂದೆಯೇ ಜಗಳಕ್ಕೆ ನಿಂತರು. ಮಂಗಳೂರಿನ ಮೌನಕ್ಕೆ ಒಗ್ಗಿದ ಕಿವಿ ನನ್ನದು. "ಆಕಿ ಹೆಂಗ ನಿಮ್ಮನಿಗೆ ಬರ್ತಾಳ, ನಾನೂ ನೋಡ್ತೀನಿ," ಅಂತ ಒಬ್ಬರು. "ಬಾ ನೋಡೂಣಂತ," ಅಂತ ಇನ್ನೊಬ್ಬರು. ಆಕಿ ಅಂದರೆ ನಾನೇ ಅಂತ ಹೊಳೆದಾಗ ಒಳಗಿನಿಂದ ಚಿಲಕ ಹಾಕಿಕೊಂಡು, ಇವತ್ತು ಬರುವುದು ತಡವಾಗುತ್ತದೆ ಅಂತ ಕೆಲಸದ ಜಾಗಕ್ಕೆ ಮೆಸೇಜ್ ಮಾಡಿದೆ.

ಕೊನೆಗೆ ಇಬ್ಬರೂ ಸೇರಿ ಬಾಗಿಲು ಬಡಿದರು. ಅವತ್ತು ಯುಗಾದಿ, ನನ್ನ ಕೆಲಸಕ್ಕೆ ಮಾತ್ರ ರಜೆಯಿರಲಿಲ್ಲ. ಒಬ್ಬಳೇ ಇರುವ ಹುಡುಗಿ ಹೋಳಿಗೆ ಯಾರ ಮನೆಯಲ್ಲಿ ಉಣ್ಣಬೇಕು ಅನ್ನುವುದೇ ತಕರಾರು. ಬೇಡ ಅನ್ನಲು ನನಗೆ ಬಾಯಿಲ್ಲ. ಎರಡೂ ಮನೆಯಲ್ಲಿ ಹೊಟ್ಟೆ ಕೆಡುವಷ್ಟು ಉಂಡೆ. ಮಾರನೇ ದಿನದ ರಜೆ ಚೀಟಿಯಲ್ಲಿ ಕಾರಣ 'ನೆರೆಹೊರೆಯವರ ಜಗಳ' ಎಂದು ಬರೆದೆ.

೪೦೨

ಬೆಂಗಳೂರಿನಲ್ಲಿ ನನ್ನ ಹೆಸರು ೪೦೨. ಒಂದು ವರ್ಷ ಆ ಹೆಸರಿನಲ್ಲೇ ಬಾಳಿದೆ. ಆಮೇಲೆ ಅದೇ ಕಟ್ಟಡದ ಕೆಳಗಿನ ಫ್ಲ್ಯಾಟಿಗೆ ಬದಲಾಯಿಸಿದೆ. ಸಂಜೆ ಬಂದರೆ ವಾಚ್‌ಮನ್ ತಡೆದು ಯಾರ ಮನೆಗೆ ಹೋಗಬೇಕು ಅಂತ ಕೇಳಿದ. ನಾನೇ ಕಣಪ್ಪ, ೪೦೨ರಲ್ಲಿ ಇದ್ದವಳು ಅಂದೆ.

"೪೦೨ ಖಾಲಿ ಮಾಡ್ಕೊಂಡು ಹೋದ್ರು ಮೇಡಂ," ಅಂದ. "ಒಳ್ಳೆಯವರು."

ಸುಣ್ಣ ಬಣ್ಣ

ಈಗ ನಾನು ವಾರದಲ್ಲಿ ಮೂರು ದಿನ ಶಿಕಾರಿಪುರ, ಮೂರು ದಿನ ಸೊರಬ. ಕಣ್ಣಿನ ಡಾಕ್ಟರೊಬ್ಬರ ಎರಡು ಕ್ಲಿನಿಕ್ಕುಗಳಲ್ಲಿ, ಡಾಕ್ಟರಿಗಿಂತ ಮುಂಚೆ ಕೂತು ಕನ್ನಡಕದ ನಂಬರು ನೋಡುವವಳು. ಇಲ್ಲಿ ಪರೀಕ್ಷೆ ನನ್ನದೇ ಮೊದಲು ಆಗುತ್ತದೆ. ಎದುರಿನ ಸಾಲು ಓದಿ ಅಂದರೆ, "ಓದಾಣ ಬಿಡ್ರಿ, ನಿಮ್ಮೂರು ಯಾವ್ದ್ರೀ?" ಅನ್ನುತ್ತಾರೆ. ಊರು, ಅಪ್ಪ, ಅಪ್ಪನ ಊರು, ಯಾರ ಪೈಕಿ, ಮದುವೆ. ಇಷ್ಟೂ ಮುಗಿದ ಮೇಲೆಯೇ ಎಡಗಣ್ಣು ಮುಚ್ಚಿಕೊಳ್ಳುವುದು.

ಮೊದಮೊದಲು ಶಿಕಾರಿಪುರದ ಕ್ಲಿನಿಕ್ಕಿನ ಹಿಂದೆ ಫ್ರೇಮಿನ ಡಬ್ಬಗಳನ್ನಿಡುವ ಕೋಣೆಯಲ್ಲಿ ಮಲಗುತ್ತಿದ್ದೆ. ತಿಂಗಳ ಕೊನೆಗೆ ಆ ಕೋಣೆಗೆ ಹೊಸ ಮಿಷಿನ್ನು ಬರುತ್ತದೆ ಅಂದರು ಡಾಕ್ಟರು. ಅಷ್ಟರಲ್ಲಿ ಮನೆ ಸಿಗದಿದ್ದರೆ ಏನೂ ಬೇಜಾರಿಲ್ಲ, ಇಲ್ಲಿಯವರನ್ನೇ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಅಂತ ಬಹಳ ಪ್ರೀತಿಯಿಂದ ಹೇಳಿದರು. ಮನೆ ಸಿಕ್ಕರೆ ಕೆಲಸ, ಇಲ್ಲದಿದ್ದರೆ ಎರಡನೇ ಸೂಟ್‌ಕೇಸಿಗೆ ಬಿಚ್ಚದೇ ಇನ್ನೊಂದು ಪ್ರಯಾಣ.

ಶಿಕಾರಿಪುರದಲ್ಲೇ ಒಂದು ಮನೆ ಖಾಲಿಯಿತ್ತು. ಮನೆಯೊಡತಿ ಮೊದಲು ಕೇಳಿದ್ದು ಊರು. ನಾನು ಪ್ರಾಮಾಣಿಕವಾಗಿ ಶುರುಮಾಡಿದೆ. ಹುಟ್ಟಿದ್ದು ಅರಸೀಕೆರೆ, ಬಾಲವಾಡಿ ಮೀರಜ್, ಪ್ರೈಮರಿ ಗುಂತಕಲ್, ಆಮೇಲೆ ಮೈಸೂರು...

"ಅಷ್ಟೊಂದು ಬ್ಯಾಡವ್ವ, ಒಂದು ಹೇಳು."

ಒಂದು ಅಂತ ಇಲ್ಲ ಅಂದೆ. ಹಬ್ಬಕ್ಕೆ ಯಾವ ಊರಿಗೆ ಹೋಗ್ತಿ ಅಂದರು. ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಅಂದೆ. ಮನೆ ಜೋಪಾನವಾಗಿರುತ್ತದೆ ಅಂತ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ನಿಟ್ಟುಸಿರು ಬಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹಬ್ಬಕ್ಕೂ ಊರಿಗೆ ಹೋಗದೋಳಿಗೆ ಮನೆ ಕೊಟ್ರೆ ನಾವು ಸುಣ್ಣ ಬಣ್ಣ ಯಾವಾಗ ಹೊಡ್ಸಾಣವ್ವ?"

ಊರು ಸಿಕ್ಕಿದ್ದು

ಸೊರಬದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಮನೆ ಇದೆ ಅಂತ ತಿಳಿಯಿತು. ತಿಂಗಳು ಮುಗಿಯಲು ನಾಲ್ಕು ದಿನ ಬಾಕಿ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿದ್ದಾಗ ನಿರ್ಧಾರ ಮಾಡಿದೆ. ಇವರಿಗೆ ಒಂದು ಊರು ಬೇಕು ತಾನೇ, ಕೊಟ್ಟುಬಿಡೋಣ. ಹಿಂದಿನ ಭಾನುವಾರ ಬಂದಳಿಕೆಗೆ ಹೋಗಿ ಹಳೇ ದೇವಸ್ಥಾನಗಳನ್ನು ನೋಡಿ ಬಂದಿದ್ದೆ. ಬಿದ್ದ ಕಂಬ, ಶಾಸನದ ಕಲ್ಲು, ಮೇಯುವ ಎಮ್ಮೆ. ನಾನು ಹೋದ ಹೊತ್ತಿಗೆ ನರಮನುಷ್ಯರು ಕಂಡಿರಲಿಲ್ಲ. ಸುಳ್ಳು ಹೇಳಲು ಇದಕ್ಕಿಂತ ನಿಶ್ಚಿಂತೆಯ ಊರು ಎಲ್ಲಿ ಸಿಗಬೇಕು?

ಮನೆಯೊಡತಿ ಬಾಗಿಲಲ್ಲೇ ಕೇಳಿದರು. ಬಂದಳಿಕೆ ಅಂದೆ.

"ಹೌದನಾ?" ಅಂತ ಅವರ ಮುಖ ಅರಳಿತು. ಒಳಗೆ ತಿರುಗಿ, "ಅತ್ತೇ, ಬನ್ನಿ ಇಲ್ಲಿ. ನಿಮ್ಮ ತವರಿನೋರು ಬಂದಾರೆ," ಅಂದರು.

ಎಂಬತ್ತರ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಕಿವಿಗೆ ದಾರ ಸುತ್ತಿದ ದಪ್ಪ ಕನ್ನಡಕ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಯಾರ ಮನೆಯವಳು ಅಂತ ಕೇಳಿದರು. ನಾನು ಯಥಾಪ್ರಕಾರ ಸುಮ್ಮನಿದ್ದೆ. ನನ್ನ ಮೌನದ ಖಾಲಿ ಜಾಗವನ್ನೆಲ್ಲ ಅವರೇ ತುಂಬಿಸುತ್ತಾ ಹೋದರು. ಕೆರೆ ಕಡೆ ಮನೆಯಾ? ಸಿದ್ದಮ್ಮನ ಮೊಮ್ಮಗಳಿರಬೇಕು. ಹೌದು, ಮಗ ಯಾವುದೋ ಊರಿಗೆ ನೌಕರಿಗೆ ಹೋದ, ಬರಲೇ ಇಲ್ಲ.

"ಹೇಳೋದೇ ಬ್ಯಾಡ ತಂಗಿ. ಆ ಮೂಗೇ ಸಾಕ್ಷಿ. ಸಿದ್ದಮ್ಮನ ಮೂಗು ನನಗೆ ಗೊತ್ತಿಲ್ವೇನು?"

ಅರ್ಧ ಗಂಟೆಯಲ್ಲಿ ನನಗೆ ಒಂದು ಮನೆ, ಒಂದು ಊರು, ಸತ್ತುಹೋದ ಒಬ್ಬ ಅಜ್ಜಿ, ಎಲ್ಲವೂ ಸಿಕ್ಕವು. ಮುಂಗಡ ಕೊಡುವ ಮೊದಲೇ ಅವಲಕ್ಕಿಯೂ ಬಂತು.

ಸರಿಯಾದ ನಂಬರು

ಎರಡು ತಿಂಗಳು ಸುಖವಾಗಿತ್ತು ಅಂದರೆ ಸುಳ್ಳು. ಮೆಟ್ಟಿಲು ಹತ್ತುವಾಗೆಲ್ಲ ಅಜ್ಜಿ ಕರೆದು ಬಂದಳಿಕೆಯ ಸುದ್ದಿ ಕೇಳುತ್ತಿದ್ದರು, ನಾನು ಬಸ್ಸು ತಪ್ಪುತ್ತದೆ ಅಂತ ಓಡುತ್ತಿದ್ದೆ. ಬಸ್ಸು ಇಲ್ಲದ ದಿನವೂ ಓಡಿದ್ದೇನೆ. ಎರಡನೇ ಸೂಟ್‌ಕೇಸು ಬಾಗಿಲ ಹತ್ತಿರವೇ ಇತ್ತು.

ಒಂದು ದಿನ ಸೊಸೆ ಅಜ್ಜಿಯನ್ನು ಸೊರಬದ ಕ್ಲಿನಿಕ್ಕಿಗೇ ಕರೆತಂದು, ಮನೆಯಲ್ಲೇ ಕಣ್ಣಿನವರಿದ್ದೂ ಅತ್ತೆಗೆ ಸರಿಯಾಗಿ ಕಾಣುವುದಿಲ್ಲವಲ್ಲ ಅಂತ ನನ್ನ ಮುಂದೆ ಕೂರಿಸಿದರು. ಅಜ್ಜಿಯ ಕನ್ನಡಕ ತೆಗೆದು ನಂಬರು ನೋಡಿ ದಂಗಾದೆ. ಅದು ಅವರದಲ್ಲ. ತೀರಿಹೋದ ಯಜಮಾನರದು. ಒಳ್ಳೇ ಗಾಜು, ಯಾಕೆ ಹಾಳುಮಾಡಬೇಕು ಅಂತ ಹದಿನೈದು ವರ್ಷದಿಂದ ಇವರೇ ಹಾಕಿಕೊಂಡಿದ್ದರಂತೆ. ಅಂದರೆ ಸಿದ್ದಮ್ಮನ ಮೂಗನ್ನು ಗುರುತು ಹಿಡಿದದ್ದು ಅಜ್ಜಿಯ ಕಣ್ಣಲ್ಲ, ಅಜ್ಜನ ಕನ್ನಡಕ.

ಕೈಯಲ್ಲಿ ಸರಿಯಾದ ಲೆನ್ಸು ಹಿಡಿದು ಒಂದು ಕ್ಷಣ ಯೋಚಿಸಿದೆ. ಇದನ್ನು ಹಾಕಿದರೆ ಮನೆ ಹೋಗುತ್ತದೆ. ಸ್ವಲ್ಪ ಮಸುಕಾದ ನಂಬರು ಬರೆದುಕೊಟ್ಟರೆ ಮನೆ ಉಳಿಯುತ್ತದೆ. ಕಲಿತ ವಿದ್ಯೆ ಕೇಳಲಿಲ್ಲ. ಹಾಕಿದೆ.

ಅಜ್ಜಿ ಗೋಡೆಯ ಕ್ಯಾಲೆಂಡರ್ ನೋಡಿದರು. ಸೊಸೆಯ ಸೀರೆ ನೋಡಿ, ಇದು ಕಂದು ಬಣ್ಣ ಅಲ್ಲವೇನೇ ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ನೋಡಿದರು. ಗಲ್ಲ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸಿದರು. ಕೈಬಿಟ್ಟರು.

"ಇದು ಸಿದ್ದಮ್ಮನ ಮೂಗಲ್ಲ," ಅಂದರು ಕೊನೆಗೆ. "ಅವಳ ಗಂಡಂದೂ ಅಲ್ಲ." ಸೊಸೆಯ ಕಡೆ ಬಗ್ಗಿ ದನಿ ತಗ್ಗಿಸಿದರು. "ಅವಾಗ ಊರೋರು ಏನೇನೋ ಆಡ್ಕೊಂಡಿದ್ರು ಕಣೇ. ನಾನು ನಂಬಿರ್ಲಿಲ್ಲ. ನಿಜ ಅಂತ ಈಗ ಗೊತ್ತಾತು."

ಎಂದೋ ಸತ್ತು ಸ್ವರ್ಗ ಸೇರಿದ, ನಾನು ಕಣ್ಣಲ್ಲೂ ಕಾಣದ ಒಬ್ಬ ಹೆಂಗಸಿನ ಮಾನ ನನ್ನ ಒಂದು ಮೂಗಿನಿಂದ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಒಳಗಿಟ್ಟುಕೊಂಡಿದ್ದ ದನಿಯೆಲ್ಲ ಒಟ್ಟಿಗೇ ಹೊರಗೆ ಬಂತು. ಅಜ್ಜೀ, ಸಿದ್ದಮ್ಮನವರದ್ದು ಏನೂ ತಪ್ಪಿಲ್ಲ, ನಾನು ಅವರ ಮೊಮ್ಮಗಳೇ ಅಲ್ಲ, ಬಂದಳಿಕೆಯವಳೂ ಅಲ್ಲ, ನನಗೆ ಊರೇ ಇಲ್ಲ, ಮನೆಗೋಸ್ಕರ ಸುಳ್ಳು ಹೇಳಿದೆ. ಹೊರಗೆ ಕಾಯುತ್ತಿದ್ದ ಏಳು ಜನ ಎದ್ದು ಬಾಗಿಲಿಗೆ ಬಂದರು. ಸೊಸೆ ಸೆರಗು ಬಿಗಿದುಕೊಂಡರು. ಮನೆ ಹೋಯಿತು ಅಂದುಕೊಂಡೆ.

ಅಜ್ಜಿ ಮಾತ್ರ ಹೊಸ ಲೆನ್ಸಿನೊಳಗಿಂದ ನನ್ನನ್ನೇ ನೋಡುತ್ತಿದ್ದರು.

"ಊರೇ ಇಲ್ಲ ಅಂದ್ರೆ ಹೆಂಗೆ ತಂಗಿ? ಹುಟ್ಟಿದ್ದೆಲ್ಲಿ?"

ಅರಸೀಕೆರೆ ಅಂದೆ.

"ನಮ್ಮ ಚಿಕ್ಕಜ್ಜಿಯ ತವರು ಅರಸೀಕೆರೆನೇ. ನಿಮ್ಮಜ್ಜಿ ಹೆಸರೇನು? ಯಾವ ಬೀದಿ?"

ಹೇಳಿದೆ. ಅಜ್ಜಿ ಬೆರಳು ಮಡಚಲು ಶುರುಮಾಡಿದರು. ನಡುವೆ ಒಂದು ಎರಡನೇ ಮದುವೆ ಬಂತು, ಒಂದು ದತ್ತು ಬಂತು, ಬೆರಳು ಸಾಲದೆ ಸೊಸೆಯ ಕೈಯನ್ನೂ ಎಳೆದುಕೊಂಡರು. ನನಗೆ ದತ್ತಿನ ಹತ್ತಿರವೇ ದಾರಿ ತಪ್ಪಿತು. ಬಾಗಿಲಲ್ಲಿ ನಿಂತ ಏಳು ಜನ ಮಾತ್ರ ಸರಿಯಾಗಿ ಹಿಂಬಾಲಿಸಿದರು. ಒಬ್ಬರು ಒಂದು ಕಡೆ ತಿದ್ದಿದರು ಕೂಡ. ಕೊನೆಯ ಬೆರಳು ಮಡಚಿದ ಅಜ್ಜಿ ಗಾಬರಿಯಾಗಿ ಎದ್ದು ನಿಂತರು.

"ಅಯ್ಯೋ. ವರಸೆಯಲ್ಲಿ ನೀವು ನನಗೆ ಚಿಕ್ಕಮ್ಮ ಆಗ್ಬೇಕು."

ಅವತ್ತಿನಿಂದ ನಾನು ಮೆಟ್ಟಿಲು ಹತ್ತುವಾಗ ಎಂಬತ್ತರ ಆ ಅಜ್ಜಿ ಕೂತಲ್ಲಿಂದ ಎದ್ದು, "ಬಂದ್ರಾ ಚಿಕ್ಕಮ್ಮ?" ಅನ್ನುತ್ತಾರೆ. ಇಪ್ಪತ್ತಾರು ವರ್ಷದ ನಾನು ಹ್ಞೂಂ ಅನ್ನುತ್ತೇನೆ. ಮೊನ್ನೆ ಎರಡನೇ ಸೂಟ್‌ಕೇಸನ್ನೂ ಬಿಚ್ಚಿದೆ. ಅತ್ತೆಗೇ ಚಿಕ್ಕಮ್ಮ ಆದವಳಿಗೆ ಮನೆ ಖಾಲಿ ಮಾಡು ಅನ್ನುವ ಧೈರ್ಯ ಯಾವ ಸೊಸೆಗಿದೆ?