ಅರವತ್ನಾಲ್ಕು ಕಿಲೋ ಬಿಟ್ಟು ಬಂದ ಮಾವ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ದೊಡ್ಡಬಳ್ಳಾಪುರದ ಅರ್ಧ ಊರು ನಂಬಿತ್ತು. ಇನ್ನರ್ಧ ಊರಿಗೆ ಮಗ್ಗಗಳ ಸದ್ದಿನಲ್ಲಿ ಆ ಸುದ್ದಿ ಕೇಳಿಸಿರಲಿಲ್ಲ, ಅಷ್ಟೆ!

ಮಾವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್. ಎಪ್ಪತ್ತರ ದಶಕದ ಕೊನೆಯಲ್ಲಿ ಅವರನ್ನು ಹೊಸ ಯಂತ್ರದ ತರಬೇತಿಗೆ ಕಳಿಸಿದರು. ಹೋಗುವಾಗ ನೆಟ್ಟಗೇ ಇದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ, "ಇನ್ಮೇಲೆ ಎರಡು ಜೊತೆ ತಂತಿ ಮೇಲೆ ಮೂವತ್ತು ಜನ ಒಟ್ಟಿಗೇ ಮಾತಾಡಬಹುದು, ಒಬ್ಬರ ಮಾತು ಇನ್ನೊಬ್ಬರಿಗೆ ತಗುಲಲ್ಲ!" ಎಂದು ಸಾರಿದರು. ನಮ್ಮ ಮನೆಯಲ್ಲಿ ಮೂರು ಜನ ಒಟ್ಟಿಗೆ ಮಾತಾಡಿದರೇ ಜಗಳವಾಗುತ್ತಿತ್ತು. ಯಾರು ನಂಬುತ್ತಾರೆ?

ಆ ಯಂತ್ರ ನಾವಾಡುವ ಮಾತನ್ನು ಸಣ್ಣಗೆ ಹೆಚ್ಚಿ, ಒಂದು-ಸೊನ್ನೆಗಳನ್ನಾಗಿ ಮಾಡಿ, ಸರದಿಯಂತೆ ತಂತಿಗೆ ಬಿಡುತ್ತದಂತೆ. ಆ ಒಂದು-ಸೊನ್ನೆಗಳಿಗೆ ಬಿಟ್ ಎಂದು ಹೆಸರು. ಮಾವನ ಬಾಯಲ್ಲಿ ಅದು ಬಿಟ್ಟು.

"ಒಬ್ಬ ಮನುಷ್ಯನ ಮಾತಂದ್ರೆ ಸೆಕೆಂಡಿಗೆ ಅರವತ್ನಾಲ್ಕು ಕಿಲೋ ಬಿಟ್ಟು ಕಣೇ," ಎಂದರು ಅತ್ತೆಗೆ.

"ಅಷ್ಟನ್ನೂ ಎಲ್ರೀ ಬಿಟ್ಟು ಬಂದ್ರಿ?" ಅತ್ತೆ ಗಾಬರಿಯಾದರು. "ರಾಗಿನಾ, ಬೆಲ್ಲಾನಾ?"

"ಅಯ್ಯೋ, ಬಿಟ್ಟು ಬರೋದಲ್ವೇ, ಬಿಟ್ಟು! ಕಿಲೋ ಅಂದ್ರೆ ಸಾವಿರ. ಅರವತ್ನಾಲ್ಕು ಸಾವಿರ ಬಿಟ್ಟು!"

"ಅಷ್ಟೂ ಬಿಟ್ಮೇಲೆ ಇನ್ನೇನ್ ಉಳೀತು? ಕೈಕಾಲ್ ತೊಳ್ಕೊಂಡು ಊಟಕ್ಕೆ ಬನ್ನಿ."

ಅಂದಿನಿಂದ ಹಿಡಿಯಿತು ನೋಡಿ, ಒಂದು ಅಳತೆಯನ್ನು ಇನ್ನೊಂದಕ್ಕೆ ತಿರುಗಿಸುವ ಹುಚ್ಚು! ತಂತಿ ಆಫೀಸಿನ ಟೆಲಿಪ್ರಿಂಟರ್ ಸೆಕೆಂಡಿಗೆ ಕಳಿಸುವುದು ಬರೀ ಐವತ್ತು ಬಿಟ್ಟು. ಹಾಗಾದರೆ ಒಬ್ಬರ ಮಾತಿಗೆ ಎಷ್ಟು ಟೆಲಿಪ್ರಿಂಟರ್ ಸಮ? ಮಾವ ಜಗಲಿಯ ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಭಾಗಿಸಿ, ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಗೆ ಕೂಗಿ ಹೇಳಿದರು: "ಅಮ್ಮಾ, ನೀನು ಫೋನಲ್ಲಿ ಬಾಯಿ ತೆಗೆದ್ರೆ ಸಾವಿರದ ಇನ್ನೂರ ಎಂಬತ್ತು ಟೆಲಿಪ್ರಿಂಟರಿಗೆ ಸಮ!"

ಅಜ್ಜಿ ತಲೆ ಎತ್ತಲಿಲ್ಲ. "ನಿಮ್ಮಪ್ಪ ಇದ್ದಿದ್ರೆ, ಲೆಕ್ಕ ಕಮ್ಮಿ ಆಯ್ತು ಕಣೋ ಅಂತಿದ್ರು."

ಇನ್ನೊಮ್ಮೆ ನಾವೆಲ್ಲ ಬಸ್ಸಿನಲ್ಲಿ ಶಿವಗಂಗೆಗೆ ಹೊರಟಿದ್ದೆವು. ನೆಲಮಂಗಲ ದಾಟುತ್ತಿದ್ದಂತೆ ಮಾವ ಎದ್ದು ನಿಂತು ಸೀಟು ತೋರಿಸತೊಡಗಿದರು. "ನಮ್ಮ ಲೈನೂ ಹಿಂಗೇನೇ. ಮೂವತ್ತೆರಡು ಜಾಗ. ಮೂವತ್ತು ಪ್ಯಾಸೆಂಜರಿಗೆ, ಅಂದ್ರೆ ಮಾತಿಗೆ. ಉಳಿದೆರಡು ಡ್ರೈವರ್ ಕಂಡಕ್ಟರ್ ಥರ, ಲೈನ್ ನಡೆಸೋಕೆ. ಒಂದೊಂದಕ್ಕೆ ಅರವತ್ನಾಲ್ಕು. ಒಟ್ಟು ಎರಡು ಸಾವಿರದ ನಲವತ್ತೆಂಟು!"

ಹಿಂದಿನಿಂದ ಕಂಡಕ್ಟರ್ ಕೈಮುಗಿದ. "ಸ್ವಾಮಿ, ಅಷ್ಟು ಜನಾನ ನಾನೆಲ್ಲಿ ಕೂರಿಸ್ಲಿ? ಮೊದ್ಲು ನೀವು ಕೂತ್ಕೊಳಿ!"

ಇಂಥ ಮಾವನನ್ನು, ನನ್ನನ್ನು ನೋಡಲು ಗಂಡಿನವರು ಬರುವ ಶಾಸ್ತ್ರಕ್ಕೆ ಕರೆಯುವುದೋ ಬೇಡವೋ ಎಂದು ಅಮ್ಮ ಯೋಚನೆಗೆ ಬಿದ್ದಿದ್ದರಲ್ಲಿ ಆಶ್ಚರ್ಯವೇನಿದೆ? ಅಮ್ಮನ ಚಿಂತೆ ಅದೊಂದೇ ಆಗಿರಲಿಲ್ಲ. ನನಗೆ ಚಿಕ್ಕಂದಿನಿಂದ ಉಗ್ಗು. ನನ್ನ ಮಾತನ್ನು ನಾನು ಮುಗಿಸುವ ಭಾಗ್ಯವೇ ನನಗಿರಲಿಲ್ಲ. ಸುತ್ತಲಿನವರು ಪ್ರೀತಿಯಿಂದ ಮುಗಿಸಿಬಿಡುತ್ತಿದ್ದರು. "ನೀ..." ಎನ್ನುವಷ್ಟರಲ್ಲಿ ಯಾರೋ ನೀರು ತಂದಿಡುತ್ತಿದ್ದರು. ನಾನು ಕೇಳಹೊರಟಿದ್ದು ನೀಲಿ ಸೀರೆ!

ದೇವನಹಳ್ಳಿಯಿಂದ ಹುಡುಗ, ಅವರ ತಾಯಿ ಬಂದರು. "ನೀನು ಬಾಯಿ ಬಿಡಬೇಡ. ನಾಚಿಕೆ ಅಂತ ಹೇಳ್ತೀನಿ," ಎಂದು ಅಮ್ಮ ಮೊದಲೇ ಕಿವಿಯಲ್ಲಿ ಉಸುರಿದ್ದರು. ಮಾವನನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಆದಷ್ಟು ದೂರ, ಕೂರಿಸಿದ್ದಾಯಿತು. ಉಪ್ಪಿಟ್ಟು, ಕಾಫಿ ಮುಗಿಯಿತು. ಹುಡುಗನ ತಾಯಿ ನಗುತ್ತಾ, "ನಿನಗೇನಾದ್ರೂ ಕೇಳೋದಿದ್ರೆ ಕೇಳಮ್ಮ," ಎಂದರು.

ಕೇಳುವುದು ನನಗೆ ನಿಜವಾಗಿಯೂ ಇತ್ತು. "ನಿ... ನಿ..." ಎಂದೆ. ಅಲ್ಲೇ ಸಿಕ್ಕಿಕೊಂಡಿತು.

"ನಿಮ್ಮೂರಿನ ಬಗ್ಗೆ ಕೇಳ್ತಿದ್ದಾಳೆ," ಎಂದರು ಅಮ್ಮ.

"ನಿಂಬೆಹಣ್ಣಿನ ಶರಬತ್ತು ಬೇಕಾ ಅಂತಿದ್ದಾಳೆ," ಎಂದರು ಅತ್ತೆ.

"ಎಲ್ರೂ ಒಂಚೂರು ಸುಮ್ನಿರಿ!"

ಮಾವ ಎದ್ದು ನಿಂತಿದ್ದರು. ಶುರುವಾಯಿತಲ್ಲ ಗುಣಾಕಾರ!

"ನಮ್ಮ ಹುಡುಗಿಗೆ ಉಗ್ಗು ಇದೆ. ಅದ್ರಲ್ಲಿ ಮುಚ್ಚಿಡೋಂಥದ್ದೇನಿಲ್ಲ," ಎಂದರು ಮಾವ. ಅಮ್ಮನ ಮುಖದ ಬಣ್ಣವೇ ಇಳಿದುಹೋಯಿತು. "ನಮ್ಮ ಲೈನಲ್ಲಿ ಒಂದು ಏರ್ಪಾಡಿದೆ. ಮಾತಾಡೋರು ನಡುವೆ ತಡೆದು ನಿಂತ್ರೂ ಅವರ ಜಾಗ ಅವರದ್ದೇ. ಸುಮ್ನಿರೋವಾಗ್ಲೂ ಅದೇ ಅರವತ್ನಾಲ್ಕು ಸಾವಿರ ಅವರ ಹೆಸರಲ್ಲೇ ಹೋಗ್ತಿರುತ್ತೆ, ಪಕ್ಕದವರು ನುಗ್ಗೋ ಹಾಗಿಲ್ಲ. ಅವಳು ಕೇಳೋದನ್ನ ಅವಳೇ ಕೇಳ್ಲಿ. ಕಾಯೋಣ."

ಕಾದರು. ಎಲ್ಲರೂ ಕಾದರು! ಪಕ್ಕದ ಮನೆಯ ಮಗ್ಗವೊಂದೇ ಲಟಪಟ ಎನ್ನುತ್ತಿತ್ತು. ಹುಡುಗ ಕಾಫಿ ಲೋಟ ಕೆಳಗಿಟ್ಟು ನನ್ನತ್ತ ನೋಡಿದರು. ಆ ನೋಟದಲ್ಲಿ ಅವಸರವಿರಲಿಲ್ಲ.

"ನಿ... ನಿಮಗೆ ಅ... ಅಡುಗೆ ಬರುತ್ತಾ?"

ಅಮ್ಮ ಹಣೆಯ ಮೇಲೆ ಕೈಯಿಟ್ಟುಕೊಂಡರು. ಹುಡುಗ ನೇರವಾಗಿ ನನಗೇ ಹೇಳಿದರು. "ಅನ್ನ ಬರುತ್ತೆ. ಸಾರು ಕಲೀಬೇಕು."

"ಅವನ ಅನ್ನಾನೂ ಮುದ್ದೆ ಆಗುತ್ತೆ ಕಣಮ್ಮಾ, ನಂಬಬೇಡ!" ಎಂದು ಅವರ ತಾಯಿ ನಕ್ಕುಬಿಟ್ಟರು. ಆಮೇಲೆ ಇಡೀ ಮನೆ ನಕ್ಕಿತು. ಮದುವೆಯೂ ಆಯಿತು. ನಮ್ಮೆಜಮಾನರು ಸಾರು ಕಲಿತರು. ಅದಕ್ಕೆ ಉಪ್ಪು ಹಾಕುವುದನ್ನು ಇನ್ನೂ ಕಲಿಯುತ್ತಿದ್ದಾರೆ!

ಅವತ್ತು ಬಂದವರನ್ನು ಬಸ್ಸು ಹತ್ತಿಸಿದ ಮೇಲೆ ಮಾವನನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ತೊಟ್ಟಿಯ ಬಳಿ ಬಗ್ಗಿ ಮುಖ ತೊಳೆಯುತ್ತಿದ್ದರು. ಕಣ್ಣು ಕೆಂಪಾಗಿತ್ತು. "ಮಾವಾ," ಎಂದೆ. ಮುಂದಿನ ಮಾತು ಗಂಟಲಲ್ಲೇ ನಿಂತಿತು. ಮಾವ ಏನೂ ಕೇಳಲಿಲ್ಲ, ಏನೂ ಊಹಿಸಲಿಲ್ಲ. ಗಲ್ಲದಿಂದ ನೀರು ತೊಟ್ಟಿಕ್ಕಿ ಅಂಗಿಯ ಎದೆ ಒದ್ದೆಯಾಗುತ್ತಿದ್ದರೂ ಟವೆಲ್ಲಿಗೆ ಕೈ ಚಾಚದೆ, ನಾನು ಹೇಳಿ ಮುಗಿಸುವವರೆಗೂ ಹಾಗೇ ನಿಂತಿದ್ದರು.