ಹತ್ತು ಗಂಟೆಯ ಗಂಜಿಯ ಬಗ್ಗೆ ಹೊನ್ನಾವರ-ಕುಮಟಾ ಬಸ್ಸಿಗೆ

ಹಳದೀಪುರ, ನಟ್ಟಿ ಕಾಲ, 1961

ಬೆಳಗಿನ ಬಸ್ಸೆಂಬ ಮಾನ್ಯರೇ,

ಒಪ್ಪಿದ್ದು: ನಟ್ಟಿ ಗದ್ದೆಯಲ್ಲಿ ಹತ್ತು ಗಂಟೆಗೆ ಗಂಜಿ, ಗಂಜಿ ಕುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ, ಎರಡು ಗಂಟೆಗೆ ಊಟ. ಸಿಕ್ಕಿದ್ದು: ಸೋಮವಾರ ಗಂಜಿ ಹನ್ನೊಂದೂವರೆಗೆ, ಮಂಗಳವಾರ ಹನ್ನೆರಡಕ್ಕೆ, ಬುಧವಾರ ಗಂಜಿಯೂ ಊಟವೂ ಕೂಡಿ ಎರಡು ಗಂಟೆಗೆ ಒಂದೇ ಸಲ. ವಿಶ್ರಾಂತಿ ಮೂರು ದಿನವೂ ಇಲ್ಲ.

ಇಷ್ಟು ಹೇಳಿಯಾದ ಮೇಲೆ ತಮ್ಮ ನಾಲ್ಕೂ ಗಾಲಿಗಳಿಗೆ, ಹಗ್ಗ ಕಟ್ಟಿ ನಿಲ್ಲಿಸಿದ ಬಾಗಿಲಿಗೆ, ಹೆಸರು ಮಾಸಿಹೋದ ಹಣೆಪಟ್ಟಿಗೆ ನಮ್ಮ ಸಂಘದ ಸಾಷ್ಟಾಂಗ ನಮಸ್ಕಾರಗಳು ಸಲ್ಲುತ್ತವೆ.

ನಮ್ಮ ಹೊಟ್ಟೆಯ ಮೇಲೆ ತಮಗೆ ಅಧಿಕಾರ ಬಂದದ್ದು ಹೇಗೆಂದು ತಮಗೇ ತಿಳಿದಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಶಾಲೆಯ ಜಗಲಿಗೆ ಆರೋಗ್ಯ ಪ್ರಚಾರದ ಒಬ್ಬ ಮಹನೀಯರು ಬಂದು, ಉಣ್ಣುವುದಕ್ಕೆ ಹೊತ್ತು ಗೊತ್ತಿರಬೇಕು, ವ್ಯಾಯಾಮ ಉಣ್ಣುವ ಮೊದಲು ಆಗಬೇಕು, ಉಂಡ ಕೂಡಲೇ ಮೈ ಬಗ್ಗಿಸಬಾರದು ಎಂದು ಎರಡು ತಾಸು ಹೇಳಿಹೋದರು. ಮರುದಿನವೇ ನಾವು ಗದ್ದೆಯ ಒಡೆಯರಾದ ಮಹಾಬಲರಾಯರ ಅಂಗಳಕ್ಕೆ ಹೋಗಿ ಹತ್ತು ಗಂಟೆಯ ಗಂಜಿ ಕೇಳಿದೆವು. ರಾಯರು ನಕ್ಕು ಒಪ್ಪಿದರು. 'ಆತು ಮಾರಾಯ, ಆದ್ರೆ ಗದ್ದೆಲ್ಲಿ ಗಡಿಯಾರ ಎಲ್ಲದೆ? ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳ್ತದಲ್ಲ, ಅದೇ ಹತ್ತು' ಅಂದರು. ಆಗ ಬಿಸಿಲುಗಾಲ; ತಾವು ದಿನವೂ ಹತ್ತಕ್ಕೆ ಸರಿಯಾಗಿ ಬರುತ್ತಿದ್ದಿರಿ. ನಾವು ತಲೆಯಾಡಿಸಿದೆವು. ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇವೆ.

ಈಗ ಮಳೆಗಾಲ. ಶರಾವತಿ ಕೆಂಪಾಗಿ ತುಂಬಿ ಹರಿಯುತ್ತಿದೆ. ಭಟ್ಕಳದ ಕಡೆಯ ಜನ ದೋಣಿಯಲ್ಲಿ ಹೊಳೆ ದಾಟಿ ಬರುವವರೆಗೆ ತಾವು ಹೊನ್ನಾವರದಲ್ಲಿ ಕಾಯುತ್ತೀರಿ. ಅಷ್ಟು ಕರುಣೆ ತಮಗಿದೆ, ಒಳ್ಳೆಯದೇ. ಇತ್ತ ನಾವು ಬೆಳಕು ಹರಿಯುವ ಮೊದಲೇ ಇಳಿದ ಕೆಸರಿನಲ್ಲಿ, ಕಂಬಳಿಕೊಪ್ಪೆ ಹೊತ್ತು, ಸೊಂಟ ಬಗ್ಗಿಸಿ, ಸಸಿ ಊರುತ್ತ, ತಮ್ಮ ಕಂಠಕ್ಕಾಗಿ ಕಿವಿ ನೆಟ್ಟಿರುತ್ತೇವೆ. ಗಂಜಿಯ ಮಡಕೆ ಗದ್ದೆಯಂಚಿನ ಮೇಲೆ, ಹತ್ತು ಮಾರು ದೂರದಲ್ಲಿ, ಬಾಳೆಲೆ ಮುಚ್ಚಿಕೊಂಡು ತಣ್ಣಗಾಗುತ್ತ ಕುಳಿತಿರುತ್ತದೆ. ಹಾರ್ನ್ ಆಗದೆ ಅದನ್ನು ಮುಟ್ಟುವಂತಿಲ್ಲ.

ಬುಧವಾರ ತಾವು ಬರಲೇ ಇಲ್ಲ. ಮೂರು ತಿಂಗಳ ಕೂಸಿಗೆ ಹಾಲೂಡಿಸುತ್ತಿರುವ ಗಂಗಿ ಎಂಬ ಹೆಣ್ಣುಮಗಳು ಹನ್ನೆರಡರ ಹೊತ್ತಿಗೆ ಸಸಿಯ ಕಟ್ಟು ಹಿಡಿದಂತೆಯೇ ಕೆಸರಿನಲ್ಲಿ ಕುಸಿದು ಕುಳಿತಳು. ರಾಯರು ಕೊಡೆಯಡಿಯಿಂದಲೇ 'ಎಂತ ಆತು? ವ್ಯಾಯಾಮ ಸ್ವಲ್ಪ ಹೆಚ್ಚಾತು ಕಾಣ್ತದೆ' ಎಂದು ಆರೋಗ್ಯಶಾಸ್ತ್ರ ನುಡಿದರು. ಅವಳು ಎದ್ದು ಮತ್ತೆ ನೆಟ್ಟಳು. ಸಂಜೆ ಕೂಸು ಅತ್ತಿತು, ಎದೆಯಲ್ಲಿ ಹಾಲಿರಲಿಲ್ಲ. ಈ ಸಾಲನ್ನು ನಾವು ತಮಾಷೆಗೆ ಬರೆದದ್ದಲ್ಲ.

ರಾಯರ ಆರೋಗ್ಯ ಮಾತ್ರ ಉತ್ತಮವಾಗಿದೆ. ಅವರ ಜಗಲಿಯಲ್ಲಿ ಗೋಡೆ ಗಡಿಯಾರವಿದೆ. ಅದು ಎಂಟು ಹೊಡೆದರೆ ದೋಸೆ, ಹನ್ನೆರಡೂವರೆಗೆ ಊಟ, ಊಟದ ಮೇಲೆ ನಿದ್ದೆ, ಐದಕ್ಕೆ ಗದ್ದೆಯಂಚಿನ ಮೇಲೆ ನೂರು ಹೆಜ್ಜೆ ನಡಿಗೆ. ಅವರ ದೋಸೆ ತಮ್ಮ ಹಾರ್ನಿಗೆ ಕಾದದ್ದನ್ನು ಈವರೆಗೆ ಯಾರೂ ಕಂಡಿಲ್ಲ.

ಆದ್ದರಿಂದ ಮಾನ್ಯರೇ, ತಾವು ಹೊಳೆಯಾಚೆಯ ಜನರನ್ನು ಅಲ್ಲೇ ಬಿಟ್ಟು ಹೊರಡಬೇಕು. ಆಗದಿದ್ದರೆ ಹೊನ್ನಾವರದಲ್ಲೇ ನಿಂತು ಹತ್ತು ಗಂಟೆಗೆ ಹಳದೀಪುರಕ್ಕೆ ಕೇಳುವಂತೆ ಕೂಗಬೇಕು. ಅದೂ ಆಗದಿದ್ದರೆ ಹಾರ್ನನ್ನು ಬಿಚ್ಚಿ ನಮ್ಮ ತೆಂಗಿನ ಮರಕ್ಕೆ ಕಟ್ಟಿ, ತಾವು ಮೂಕರಾಗಿ ಕುಮಟೆಗೆ ದಯಮಾಡಿಸಬೇಕು.

ಇದಾವುದೂ ಆಗದು ಎನ್ನುವುದಾದರೆ ನಮ್ಮಲ್ಲೇ ಒಂದು ಗಡಿಯಾರವಿದೆ. ನಟ್ಟಿಯ ಹಾಡು ಎತ್ತಿಕೊಡುವ ನಾಗಮ್ಮ ದಿನವೂ ಅದೇ ಮೂರು ಹಾಡುಗಳಿಂದ ಕೆಲಸ ಶುರುಮಾಡುತ್ತಾಳೆ. ಒಂದೊಂದು ಮುಗಿಯಲು ತಾಸು ಮೀರುತ್ತದೆ. ರಾಯರ ಅಂಗಳದ ಪಕ್ಕದ ಸಸಿಮಡಿಯಿಂದ ಸಸಿಯ ಕಟ್ಟು ಹೊರುವ ಜಟ್ಟ, ಗಡಿಯಾರದ ಹೊಡೆತ ಎಣಿಸಬಲ್ಲವನು, ಮೂರು ದಿನ ಕಿವಿಗೊಟ್ಟು ನೋಡಿದ. ಮೇಲೆ ಬರೆದ ಗಂಜಿಯ ಹೊತ್ತುಗಳೂ ಅವನ ಲೆಕ್ಕವೇ. ಮೂರನೆಯ ಹಾಡು ಮುಗಿಯುವುದಕ್ಕೂ ಗಡಿಯಾರ ಹತ್ತು ಹೊಡೆಯುವುದಕ್ಕೂ ಎಲೆ ಅಡಿಕೆ ಮಡಿಸುವಷ್ಟೂ ಅಂತರವಿಲ್ಲ. ಇದನ್ನು ತಿಳಿಸಿದಾಗ ರಾಯರು 'ಹಸಿವಾದ ದಿನ ಹಾಡು ಓಡಿಸ್ತ್ರಿ ನೀವು' ಅಂದರು. ನಾಗಮ್ಮ ಸಸಿಯಿಂದ ಕಣ್ಣೆತ್ತದೆ, 'ಹಾಡು ಓಡಿದ್ರೆ ಕೈಯೂ ಓಡ್ತದೆ ಒಡೇರೇ, ನಿಮ್ಮ ಗದ್ದೆ ಬೇಗ ಮುಗೀತದೆ. ನಿಮಗೆ ಎಂತ ತೊಂದ್ರೆ?' ಎಂದು ಕೇಳಿದಳು. ರಾಯರು ಉತ್ತರಕ್ಕಾಗಿ ರಸ್ತೆಯ ಕಡೆ ನೋಡಿದರು. ತಾವು ಆಗಲೂ ಬಂದಿರಲಿಲ್ಲ.

ಕಾದು ಕಾದು ಹಸಿವಿನಲ್ಲಿ ಪಳಗಿದ
ತಮ್ಮ ವಿಶ್ವಾಸಿ,
ಬೊಮ್ಮಯ್ಯ
ಗದ್ದೆ ಕೆಲಸಗಾರರ ಸಂಘದ ಪರವಾಗಿ

ತಾ.ಕ.: ತಮ್ಮ ಡ್ರೈವರ್ ಲಿಂಗಪ್ಪನವರೂ ಕುಮಟೆ ಮುಟ್ಟುವವರೆಗೆ ಬರೀ ಹೊಟ್ಟೆಯಲ್ಲೇ ಇರುತ್ತಾರೆಂದು ಕೇಳಿದೆವು, ಅವರಿಗೂ ಒಂದು ಬಟ್ಟಲು ತೆಗೆದಿಟ್ಟಿರುತ್ತೇವೆ. ಸಂಘದ ಮುಂದಿನ ಸಭೆ ಗದ್ದೆಯಲ್ಲಿ ಅಲ್ಲ, ಮಹಾಬಲರಾಯರ ಜಗಲಿಯಲ್ಲಿ, ಗಂಜಿಯ ಮಡಕೆ ಸಮೇತ. ಸಸಿಯ ಕಟ್ಟು ನೀರಿನಲ್ಲಿ ಕಾಯುತ್ತಿರುತ್ತದೆ. ಬರುವ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ಅವರ ಗೋಡೆ ಗಡಿಯಾರದ ಪ್ರಕಾರ.