ಕಂಬಿಗೆ ಕಟ್ಟಿದ ಕೆಂಪು ಬಟ್ಟೆ

ಬೆಳಗ್ಗೆ ಆರಕ್ಕೆ ಎದ್ದವಳೇ ಅವಳು ಡೈರಿ ತೆರೆದು ಒಂದೇ ಸಾಲು ಬರೆದಳು: 'ಕಂಬಿಯ ಕೆಂಪು ಬಟ್ಟೆ ನಮ್ಮನೆ ಬಚ್ಚಲಲ್ಲಿದೆ.' ಯಾರಾದರೂ ಓದಿಬಿಟ್ಟರೆ ಅನ್ನಿಸಿ ಹೊಡೆದುಹಾಕಿದಳು. ಹೊಡೆದುಹಾಕಿದ್ದು ಇನ್ನಷ್ಟು ಅನುಮಾನ ಹುಟ್ಟಿಸುವಂತಿತ್ತು, ಹಾಳೆಯನ್ನೇ ಹರಿದಳು. ಹರಿದದ್ದನ್ನು ಎಲ್ಲಿ ಎಸೆಯುವುದೆಂದು ತಿಳಿಯದೆ ದಿಂಬಿನ ಚೀಲದೊಳಗೆ ತುರುಕಿದಳು. ಪದವಿ ಮುಗಿಸಿ ವರ್ಷವಾಗಿದ್ದರೂ ಒಬ್ಬರ ಮುಖ ನೋಡಿ ಒಂದು ಪೂರ್ತಿ ವಾಕ್ಯ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಕಟ್ಟಡದವರೆಲ್ಲ ಅವಳನ್ನು 'ಪಿಸುಮಾತು' ಎಂದೇ ಕರೆಯುತ್ತಿದ್ದರು.

ಬಟ್ಟೆಯ ಕತೆ ಇಷ್ಟೇ. ನೆಲಮಹಡಿಯ ಮೇಲೆ ನಾಲ್ಕು ಮಹಡಿ, ಒಟ್ಟು ಹದಿನಾರು ಮನೆ, ಮೇಲೊಂದು ಟ್ಯಾಂಕು, ನೆಲಮಾಳಿಗೆಯಲ್ಲೊಂದು ಮೋಟರು. ಮೋಟರ್ ಹಾಕಿದವರು ಮೆಟ್ಟಿಲ ಕಂಬಿಗೆ ಕೆಂಪು ಬಟ್ಟೆ ಕಟ್ಟಬೇಕು. ಅರ್ಧ ಗಂಟೆಯ ಮೇಲೆ ಅದು ಯಾರ ಕಣ್ಣಿಗೆ ಬಿತ್ತೋ ಅವರು ಮೋಟರ್ ಆರಿಸಿ ಬಟ್ಟೆ ಬಿಚ್ಚಬೇಕು. ಇಪ್ಪತ್ತು ವರ್ಷದಿಂದ ಇದೇ ಪದ್ಧತಿ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನೀರು ಕಾಣದ ಆ ಬಟ್ಟೆ ಸುಟ್ಟ ಬಾಣಲೆಯ ತಳದ ಹಾಗಾಗಿತ್ತು. ಹಿಂದಿನ ಸಂಜೆ ಅದನ್ನು ಬಿಚ್ಚಿದ ಪಿಸುಮಾತಿಗೆ ಪಾಪ ಅನ್ನಿಸಿತು. ಒಗೆದು, ಬೆಳಗಾಗುವುದರೊಳಗೆ ಕಟ್ಟಿದರಾಯಿತೆಂದು ತಂದು ಸೋಪಿನ ನೀರಲ್ಲಿ ನೆನೆಹಾಕಿದಳು. ಬೆಳಗ್ಗೆ ನೋಡಿದರೆ ಬಕೆಟ್ಟಿನ ನೀರು ಕೆಂಪಗಾಗಿತ್ತು, ಬಟ್ಟೆ ಬೆಳ್ಳಗಾಗಿತ್ತು.

"ಹೋಗಿ ಹೇಳ್ಬಿಡೇ, ನಿನ್ನನ್ನೇನು ನುಂಗಿಬಿಡ್ತಾರಾ?" ಎಂದರು ಅಮ್ಮ.

"ಅಮ್ಮಾ, ಸ್ವಲ್ಪ ಹೊತ್ತು ಬಿಟ್ಟು..."

ಆ ಸ್ವಲ್ಪ ಹೊತ್ತಿನಲ್ಲೇ ಎರಡನೇ ಮಹಡಿಯ ಕಂಪ್ಯೂಟರ್ ಕೆಲಸದವನು ಮೋಟರ್ ಹಾಕಿ, ಬಟ್ಟೆ ಕಾಣದೆ, ಯಾರಾದರೂ ನೋಡಿಕೊಳ್ಳುತ್ತಾರೆ ಬಿಡು ಎಂದು ಸ್ನಾನಕ್ಕೆ ಹೋದ. ಬಟ್ಟೆಯೇ ಇಲ್ಲದ ಮೇಲೆ ಮೋಟರ್ ಎಲ್ಲಿ ಓಡುತ್ತಿದ್ದೀತು ಎಂದು ಉಳಿದ ಹದಿನೈದು ಮನೆಯವರು ನಿಶ್ಚಿಂತೆಯಿಂದ ಕಾಫಿ ಕುಡಿದರು. ಏಳೂವರೆಗೆ ಟ್ಯಾಂಕು ತುಂಬಿ ನೀರು ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ, ಅವಸರವಿಲ್ಲದ ನೆಂಟನ ಹಾಗೆ ಇಳಿದು ಬಂದು, ನೆಲಮಹಡಿಯ ಅಧ್ಯಕ್ಷರ ಮನೆ ಹೊಕ್ಕಿತು. ಪೇಪರ್ ಓದುತ್ತಾ ಕೂತಿದ್ದ ಅಧ್ಯಕ್ಷರ ಚಪ್ಪಲಿ ಅವರನ್ನು ಬಿಟ್ಟು ಅಡುಗೆಮನೆಗೆ ಹೋಯಿತು.

ಅಧ್ಯಕ್ಷರು ಮೂವತ್ತು ವರ್ಷ ಒಂದೇ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಟ್ಟಡದ ಸಂಘಕ್ಕೆ ಆಜೀವ ಅಧ್ಯಕ್ಷರು. ಒಂಬತ್ತಕ್ಕೆಲ್ಲ ಕಾರು ನಿಲ್ಲಿಸುವ ಜಾಗದಲ್ಲಿ ತುರ್ತು ಸಭೆ ಸೇರಿತು.

"ಇದು ನೀರಿನ ವಿಷಯ ಅಲ್ಲ, ಕಳ್ಳತನದ ವಿಷಯ," ಎಂದರು ಅಧ್ಯಕ್ಷರು. "ಸಾರ್ವಜನಿಕ ಬಟ್ಟೆ ಕಾಣೆಯಾಗಿದೆ. ತನಿಖೆ ಮುಗಿಯೋವರೆಗೂ ಯಾರೂ ಮೋಟರ್ ಮುಟ್ಟಬಾರದು. ವರದಿ ಯಾರು ಬರೀತೀರಿ?"

"ಪಿಸುಮಾತು ಬರೀಲಿ," ಎಂದರು ಅವಳ ಎದುರುಮನೆ ಆಂಟಿ. "ಅಕ್ಷರ ಮುತ್ತಿನ ಹಾಗಿದೆ. ಮೇಲಾಗಿ ಎದುರು ಮಾತಾಡಲ್ಲ."

"ಆಂಟಿ, ಆ ಬಟ್ಟೆ..." ಎಂದು ಪಿಸುಮಾತು ಗಂಟಲಲ್ಲೇ ಶುರುಮಾಡಿದಳು.

"ಹೂಂ, ಅದನ್ನೇ ಬರಿ. 'ಬಟ್ಟೆ' ಅಂತ ದಪ್ಪಕ್ಷರದಲ್ಲಿ ತಲೆಬರಹ ಹಾಕು," ಎಂದು ಆಂಟಿ ಸಂಘದ ವರದಿ ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದರು.

ಹೀಗೆ ಅವಳು ತನ್ನದೇ ಅಪರಾಧದ ತನಿಖೆಯನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆಯತೊಡಗಿದಳು. ಅರ್ಧ ಗಂಟೆಯಲ್ಲಿ ಒಂದು ಬಟ್ಟೆ ಉಪಸಮಿತಿ, ಒಂದು ಕಂಬಿ ಉಪಸಮಿತಿ, ಅವೆರಡರ ನಡುವೆ ಜಗಳ ಬಂದರೆ ಬಿಡಿಸಲು ಒಂದು ಸಮನ್ವಯ ಸಮಿತಿ ಹುಟ್ಟಿದವು. ಆಗ ಮೆಟ್ಟಿಲು ಗುಡಿಸುವ ಅಕ್ಕ ಪೊರಕೆ ಹಿಡಿದು ಆ ಕಡೆ ಬಂದಳು. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು.

"ನೀನೇ ಒರೆಸೋಕೆ ತಗೊಂಡಿರ್ಬೇಕು," ಎಂದರು ಅಧ್ಯಕ್ಷರು.

"ಅದರಲ್ಲಿ ಒರೆಸಿದ್ರೆ ನೆಲ ಇನ್ನೂ ಕೊಳೆಯಾಗುತ್ತೆ ಸಾರ್. ನಾನ್ಯಾಕೆ ತಗೊಳ್ಳಲಿ?"

"ಸಂಜೆ ಆರರೊಳಗೆ ಬಟ್ಟೆ ಬರ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಬರ್ಬೇಡ. ಬರ್ಕೋಮ್ಮಾ."

ಪಿಸುಮಾತು ಬರೆದುಕೊಂಡಳು. ಮುತ್ತುಗಳೆಲ್ಲ ದಾರ ಹರಿದಂತೆ ಸಾಲು ಬಿಟ್ಟು ಉರುಳಿದವು.

ಮಧ್ಯಾಹ್ನ ಪಿಸುಮಾತು ಹೊರಗೆ ಬಂದಾಗ ಅಕ್ಕ ಮೂರನೇ ಮಹಡಿಯ ಮೆಟ್ಟಿಲಲ್ಲಿ ಕೂತಿದ್ದಳು. "ಎಂಟು ವರ್ಷ ಆಯ್ತಮ್ಮ ಇಲ್ಲಿ ಗುಡಿಸ್ತಾ. ಕಳ್ಳಿ ಅನ್ನಿಸ್ಕೊಂಡು ಹೋದ್ರೆ ಪಕ್ಕದ ಕಟ್ಟಡದವರೂ ಸೇರಿಸಲ್ಲ," ಎಂದಳು. ಆಮೇಲೆ ಪಿಸುಮಾತಿನ ಕೈಬೆರಳುಗಳನ್ನೇ ನೋಡಿದಳು. ಉಗುರುಗಳೆಲ್ಲ ಕೆಂಪಗಿದ್ದವು. "ಬಣ್ಣ ಚೆನ್ನಾಗಿ ಹತ್ತಿದೆ," ಎಂದಷ್ಟೇ ಹೇಳಿ ಎದ್ದು ಹೋದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಎರಡನೇ ಮಹಡಿಯವನು ರಜೆ ಹಾಕಿ ಒಂದು ಆ್ಯಪ್ ತಯಾರಿಸಿದ್ದ. ಹೆಸರು 'ನೀರಣ್ಣ'. ಟ್ಯಾಂಕಿನಲ್ಲಿ ಒಂದು ಸೆನ್ಸರ್, ಮೋಟರಿಗೆ ಒಂದು ಪೆಟ್ಟಿಗೆ, ಎಲ್ಲರ ಫೋನಿಗೂ ಒಂದು ಗುಂಡಿ. "ಬಟ್ಟೆ ಕಟ್ಟೋ ಕಾಲ ಮುಗೀತು," ಎಂದ ಅವನು ಎದೆಯುಬ್ಬಿಸಿ. ಆದರೆ ಗುಂಡಿ ಒತ್ತಿದ ತಕ್ಷಣ ಮೋಟರ್ ಓಡಿದರೆ ಶಿಸ್ತು ಉಳಿಯುವುದು ಹೇಗೆ ಎಂದು ಅಧ್ಯಕ್ಷರು ಕೇಳಿದ್ದರಿಂದ, ಮೊದಲು ಅವರ ಫೋನಿಗೆ ಆರಂಕಿಯ ಸಂಖ್ಯೆ ಬರುವುದು, ಆಮೇಲೆ ಮಹಡಿಗೊಬ್ಬರು ಒಪ್ಪಿಗೆ ಕೊಡುವುದು ಎಂದಾಯಿತು.

ನಾಲ್ಕು ಗಂಟೆಗೆ ಟ್ಯಾಂಕು ಬರಿದಾಯಿತು. ಸ್ನಾನಕ್ಕೆ ಕೂತಿದ್ದ ಆಂಟಿಯ ಯಜಮಾನರು ತಲೆ ತುಂಬ ಸೋಪಿನ ನೊರೆಯೊಂದಿಗೆ, ಟವೆಲ್ ಸುತ್ತಿಕೊಂಡು ಹೊರಗೆ ಬಂದರು.

"ನೀರಣ್ಣನ್ನ ಕೇಳಿ ಅಂಕಲ್," ಎಂದ ಎರಡನೇ ಮಹಡಿಯವನು.

ಅವರು ಒಂದೇ ಕಣ್ಣು ತೆರೆದು ಗುಂಡಿ ಒತ್ತಿದರು. 'ನೀವು ಮನುಷ್ಯರೇ?' ಎಂದು ಕೇಳಿತು ನೀರಣ್ಣ. 'ಕೆಳಗಿನ ಚಿತ್ರಗಳಲ್ಲಿ ಬಕೆಟ್ ಇರುವುದನ್ನೆಲ್ಲ ಆರಿಸಿ.'

"ಬಕೆಟ್ ಗೊತ್ತಿಲ್ಲ, ಕಣ್ಣು ಉರೀತಿದೆ!"

ಬಕೆಟ್ಟುಗಳನ್ನು ಆಂಟಿ ಹುಡುಕಿಕೊಟ್ಟರು. ಅಧ್ಯಕ್ಷರು ಕನ್ನಡಕ ಹುಡುಕಿ ಸಂಖ್ಯೆ ಓದುವುದರೊಳಗೆ ಅದರ ಅವಧಿ ಮುಗಿಯಿತು. ನಾಲ್ಕನೇ ಮಹಡಿಯ ಒಪ್ಪಿಗೆದಾರರು ಊರಲ್ಲೇ ಇರಲಿಲ್ಲ. ಅಂತೂ ಐದೂವರೆಗೆ ಮೋಟರ್ ಗುರ್ರೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ಯಜಮಾನರ ತಲೆಯ ನೊರೆ ಒಣಗಿ ಹಪ್ಪಳವಾಗಿತ್ತು.

ಆರಕ್ಕೆ ಮತ್ತೆ ಸಭೆ.

"ನೀರಣ್ಣ ಈಗ 'ಟ್ಯಾಂಕ್ ಕಾಲು ಭಾಗ' ಅಂತಿದೆ," ಎಂದ ಎರಡನೇ ಮಹಡಿಯವನು.

"ಅದು ನಿಜ ಹೇಳ್ತಿದೆ ಅಂತ ಏನು ಗ್ಯಾರಂಟಿ?" ಎಂದರು ಆಂಟಿ. "ಎಲ್ಲರ ಕಣ್ಣಿಗೂ ಬೀಳೋ ಹಾಗೆ ಒಂದು ಗುರುತು ಬೇಕಪ್ಪ."

"ದೀಪ?"

"ಕರೆಂಟ್ ಹೋದ್ರೆ?"

ಅಧ್ಯಕ್ಷರು ಬಹಳ ಹೊತ್ತು ಯೋಚಿಸಿ ಎದ್ದು ನಿಂತರು. "ಕಂಬಿಗೆ ಒಂದು ಬಟ್ಟೆ ಕಟ್ಟಿದ್ರೆ ಹೇಗೆ? ಕೆಂಪು ಬಣ್ಣದ್ದು?"

ಸಭೆ ಬೆರಗಾಯಿತು. ಎಂಥ ಹೊಸ ವಿಚಾರ ಎಂದು ಎಲ್ಲರೂ ತಲೆದೂಗಿದರು. ಹೊಸ ಬಟ್ಟೆಯ ಉದ್ದಗಲ ತೀರ್ಮಾನಿಸಲು ಬಟ್ಟೆ ಉಪಸಮಿತಿಗೆ ಮೂರು ವಾರ ಕೊಡಲಾಯಿತು.

"ಮುಂದಿನ ವಿಷಯ, ಗುಡಿಸೋಳು. ಆರು ಗಂಟೆ ಆಯ್ತು, ಬಟ್ಟೆ ಬರ್ಲಿಲ್ಲ. ನಾಳೆಯಿಂದ ಅವಳು ಬೇಡ. ಬರ್ಕೊಂಡ್ಯಾ? ಓದಮ್ಮ."

ಪಿಸುಮಾತು ಪುಸ್ತಕವನ್ನು ಮೆಲ್ಲಗೆ ಆಂಟಿಯ ಕಡೆ ತಳ್ಳಿದಳು. ಆಂಟಿ ಗಟ್ಟಿಯಾಗಿ ಓದಿದರು: "'ಬಟ್ಟೆಯನ್ನು ಅಕ್ಕ ತೆಗೆದಿಲ್ಲ. ತೆಗೆದವಳು ಈ ವರದಿ ಬರೆಯುತ್ತಿರುವವಳು. ಒಗೆಯಲು.' ಅಯ್ಯೋ, ನೀನಾ?"

ಅವಳು ಮೆಟ್ಟಿಲು ಹತ್ತಿ ಓಡಿದಳು. ಮುದ್ದೆಯಾಗಿದ್ದ ಬಟ್ಟೆಯನ್ನು ತಂದು ಮೇಜಿನ ಮೇಲಿಟ್ಟಳು.

"ಇದು ನಮ್ಮದಲ್ಲ. ನಮ್ಮದು ಕಪ್ಪಗಿತ್ತು," ಎಂದ ಎರಡನೇ ಮಹಡಿಯವನು.

ಆಂಟಿ ಬಟ್ಟೆಯನ್ನು ಹರವಿದರು. ಇಪ್ಪತ್ತು ವರ್ಷದ ಕೊಳೆ ಹೋಗಿದ್ದ ಮೂಲೆಯಲ್ಲಿ ಕಪ್ಪು ಶಾಯಿಯ ಮುದ್ರೆ ಫಳಫಳ ಹೊಳೆಯುತ್ತಿತ್ತು. ಅದು ಅಧ್ಯಕ್ಷರು ಮೂವತ್ತು ವರ್ಷ ಕೆಲಸ ಮಾಡಿದ ಕಚೇರಿಯ ಮುದ್ರೆ. ಕೆಳಗೆ ಒಂದು ಸಾಲು: 'ಕಚೇರಿಯ ಮೇಜುಬಟ್ಟೆ. ಹೊರಗೆ ಒಯ್ಯತಕ್ಕದ್ದಲ್ಲ.'

ಇಪ್ಪತ್ತು ವರ್ಷದ ಹಿಂದೆ ಆ ಬಟ್ಟೆಯನ್ನು ಕಂಬಿಗೆ ಮೊದಲು ಕಟ್ಟಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಆಕಾಶ ನೋಡಿದರು. ಆಮೇಲೆ ಎರಡು ಸಲ ಕೆಮ್ಮಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು.

"ಕಳ್ಳತನದ ಪ್ರಕರಣ ಮುಕ್ತಾಯ. ಗುಡಿಸೋ ಅಕ್ಕನೋರು ಮುಂದುವರೀಲಿ. ಹೊಸ ನಿಯಮ ಒಂದು, ಕಂಬಿಯ ಬಟ್ಟೆಯನ್ನು ಇನ್ನು ಮುಂದೆ ಯಾರೂ ಒಗೆಯತಕ್ಕದ್ದಲ್ಲ. ಎರಡು, ಹೊಸ ಬಟ್ಟೆ ಕಟ್ಟೋದು, ಬಿಚ್ಚೋದು, ನೀರಣ್ಣನ್ನ ನೋಡ್ಕೊಳ್ಳೋದು, ಮೂರೂ ಸಮಿತಿಗೆ ದಿನಾ ವರದಿ ಕೊಡೋದು, ಎಲ್ಲಾ ಪಿಸುಮಾತಿನ ಜವಾಬ್ದಾರಿ. ಬೆಳಗ್ಗೆ ಐದರಿಂದ. ಇಷ್ಟು ಆಸಕ್ತಿ ಇರೋರು ಬೇರೆ ಯಾರಿದಾರೆ? ಸರ್ವಾನುಮತ. ಬರ್ಕೋಮ್ಮಾ."

ಚಪ್ಪಾಳೆ ಬಿತ್ತು. 'ಸರ್ವಾನುಮತ' ಎಂದು ಅವಳು ಬರೆಯತೊಡಗಿದಳು. ಕೊನೆಯ ಅಕ್ಷರಕ್ಕೆ ಬರುವಾಗ ಅಂಗಾಲು ತಣ್ಣಗಾಯಿತು. ಮೆಟ್ಟಿಲ ಕಡೆ ತಿರುಗಿದಳು. ಬೆಳಗಿನ ನೆಂಟ ಮತ್ತೆ ಒಂದೊಂದೇ ಹೆಜ್ಜೆ ಇಳಿದು ಬರುತ್ತಿದ್ದ. ಎರಡನೇ ಮಹಡಿಯವನ ಫೋನಿನಲ್ಲಿ ನೀರಣ್ಣ ಇನ್ನೂ ಕಾಲು ಭಾಗ ಎನ್ನುತ್ತಿತ್ತು. ಸಭೆ ಹೊಸ ಬಟ್ಟೆಗೆ ಅಂಚು ಹೊಲಿಸಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಮುಳುಗಿತ್ತು.

ಪೊರಕೆಗೆ ಗದ್ದ ಊರಿ ನಿಂತಿದ್ದ ಅಕ್ಕ ಅವಳನ್ನೇ ನೋಡುತ್ತಿದ್ದಳು. "ಏನಮ್ಮಾ, ನೀನು ಹೇಳ್ತೀಯೋ, ನಾನು ಹೇಳ್ಲೋ?"

ಪಿಸುಮಾತು ಪೆನ್ನು ಕೆಳಗಿಟ್ಟಳು. ಎದ್ದು ನಿಂತಳು. ನಾಲ್ಕನೇ ಮಹಡಿಯ ಕಿಟಕಿಗಳೂ ತೆರೆದುಕೊಳ್ಳುವಷ್ಟು ಗಟ್ಟಿಯಾಗಿ, ಹುಟ್ಟಿದಾಗಿನಿಂದ ಮೊದಲ ಸಲ, ಒಂದು ಪೂರ್ತಿ ವಾಕ್ಯ ಹೇಳಿದಳು:

"ಮೋಟರ್ ಇನ್ನೂ ಓಡ್ತಾ ಇದೆ!"